ಸೇರು ತೂಕದ ತಲವಾರ

ಜಗಳ ಶುರುವಾದದ್ದು ಒಂದು ಅಂಕಿಯಿಂದ. ಲಿಂಗಂಪಲ್ಲಿಯ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾಲ್ವರು ಕೂತಿದ್ದರು. ನನ್ನ ತಂಗಿಯ ಮಗ, ಅವನ ಬೀದರಿನ ಗೆಳೆಯ, ರಾಯಚೂರಿನ ಒಬ್ಬಳು ಹುಡುಗಿ, ವರಂಗಲ್ಲಿನ ಒಬ್ಬ ತೆಲುಗು ಹುಡುಗ. ಮೇಜಿನ ಮೇಲೆ ಎರಡು ಪುಸ್ತಕ ತೆರೆದಿದ್ದವು. ಒಂದು ಹಳೆಯದು, ಜೆರಾಕ್ಸ್ ಪ್ರತಿ. ಇನ್ನೊಂದು ಹೊಸದು. ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಯ ತೂಕ ಹಳೆಯದರಲ್ಲಿ 15 ಪೌಂಡ್ ಎಂದಿತ್ತು, ಹೊಸದರಲ್ಲಿ 6.

"ಹದಿನೈದು ಪೌಂಡ್ ಅಂದ್ರ ಹತ್ತಿರ ಹತ್ತಿರ ಏಳು ಕಿಲೋ ಆಯ್ತಲ್ಲೋ. ಅಷ್ಟು ವಜ್ಜೆ ತಲವಾರ ಹಿಡ್ಕೊಂಡು ಯಾಂವ ಬಡದಾಡ್ತಾನ?" ಎಂದಳು ರಾಯಚೂರಿನವಳು.

"ಹಳೇ ಕಾಲದ ಮಂದಿ ಭಾಳ ಗಟ್ಟಿ ಇದ್ರು" ಎಂದ ಬೀದರಿನವನು.

ತಂಗಿಯ ಮಗ ನನ್ನ ಕಡೆ ತಿರುಗಿದ. "ಮಾಮಾ, ನೀವರೆ ಹೇಳ್ರಿ."

ವಾಡಿಯಿಂದ ಹೊರಟ ರೈಲು ತಾಂಡೂರು, ವಿಕಾರಾಬಾದ್ ದಾಟಿ ಹೈದರಾಬಾದಿನ ಹೊಸ್ತಿಲು ತುಳಿಯುವುದು ಲಿಂಗಂಪಲ್ಲಿಯಲ್ಲಿ. ಕಲಬುರಗಿ ಕಡೆಯಿಂದ ಗಚ್ಚಿಬೌಲಿಯ ಕಂಪನಿಗಳಿಗೆ ಕೆಲಸಕ್ಕೆ ಬರುವ ಹುಡುಗರು ಇಲ್ಲಿಯೇ ಇಳಿಯುತ್ತಾರೆ, ಹತ್ತಿರದಲ್ಲೇ ಮನೆ ಹಿಡಿಯುತ್ತಾರೆ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತವರು ಭಾನುವಾರ ಮಾತ್ರ ಕಾಗದ, ಪೆನ್ಸಿಲ್, ದಾಳ ಹಿಡಿದು ಒಂದು ಆಟಕ್ಕೆ ಕೂರುತ್ತಾರೆ. ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಮೇಜಿನ ಮೇಲಿದ್ದ ಎರಡೂ ಅದರ ನಿಯಮ ಪುಸ್ತಕಗಳು.

ನನಗೆ ಅದು ಅರ್ಥವಾದದ್ದು ತಾಳಮದ್ದಳೆಯ ಮೂಲಕ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಶಲ್ಯನಾಗುತ್ತಾನೆ, ಮಾತು ಆ ಹೊತ್ತಿಗೆ ಹುಟ್ಟುತ್ತದೆ. ಇಲ್ಲಿಯೂ ಹಾಗೆಯೇ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ಮಾತಾಡುತ್ತಾರೆ. ಏಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದೊಡ್ಡ ವ್ಯತ್ಯಾಸ ಒಂದೇ: ಇಲ್ಲಿ ಪ್ರತಿ ಪಾತ್ರಕ್ಕೂ ಒಂದು ಹಾಳೆ ಇರುತ್ತದೆ, ಆ ಹಾಳೆಯಲ್ಲಿ ಪಾತ್ರ ಹೊತ್ತ ಹಗ್ಗ, ಬುತ್ತಿ, ದೀಪದೆಣ್ಣೆ, ಕತ್ತಿ ಎಲ್ಲದಕ್ಕೂ ತೂಕ ಬರೆದಿರುತ್ತದೆ.

ಹುಡುಗರ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು, ಪುಸ್ತಕದ್ದಲ್ಲ, ಕೈಯದು. ಕಲಬುರಗಿ ಜಿಲ್ಲೆಯ ನಮ್ಮೂರ ಮನೆಯಲ್ಲಿ ಅಜ್ಜನ ಕಾಲದ ಒಂದು ತಲವಾರ ಇತ್ತು. ವರ್ಷಕ್ಕೊಮ್ಮೆ ದಸರೆಗೆ ಮಾತ್ರ ಅಟ್ಟದಿಂದ ಇಳಿಯುತ್ತಿತ್ತು. ಹತ್ತು ವರ್ಷದವನಿದ್ದಾಗ ಮೊದಲ ಸಲ ಅದನ್ನು ನನ್ನ ಕೈಗೆ ಕೊಟ್ಟರು. ಎರಡೂ ಕೈ ಚಾಚಿ, ಉಸಿರು ಬಿಗಿಹಿಡಿದು, ದೊಡ್ಡ ಭಾರ ಬೀಳುತ್ತದೆಂದು ಸಿದ್ಧನಾಗಿ ನಿಂತೆ. ಭಾರ ಬೀಳಲೇ ಇಲ್ಲ. ಕೈ ತಾನಾಗಿ ಮೇಲೆ ಹೋಯಿತು. ನನಗೆ ಅಳು ಬಂತು, ಇದು ಖೊಟ್ಟಿ ತಲವಾರವೇ ಇರಬೇಕು ಎಂದು. ಅಜ್ಜ ಅದನ್ನು ಕಿರಾಣಿ ಅಂಗಡಿಗೆ ಒಯ್ದು ತಕ್ಕಡಿಯಲ್ಲಿಟ್ಟು ತೋರಿಸಿದರು. ಒಂದು ಕಿಲೋಗೆ ಸ್ವಲ್ಪ ಕಡಿಮೆ ಬಂತು. "ಪಕ್ಕಾ ಒಂದು ಸೇರು" ಎಂದರು. ಹಳೆಯ ಲೆಕ್ಕದಲ್ಲಿ ಸೇರೆಂದರೆ 80 ತೊಲ, ಈಗಿನ 933 ಗ್ರಾಂ. ಬಹುಪಾಲು ತಲವಾರಗಳು ಈ ಆಸುಪಾಸಿನಲ್ಲೇ ತೂಗುತ್ತವೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ.

ಹುಡುಗರಿಗೆ ಇದನ್ನು ಹೇಳಿದರೆ ಸಾಲದು, ತೋರಿಸಬೇಕಿತ್ತು. ತಲವಾರ ಊರಲ್ಲೇ ಉಳಿದಿದೆ. ಬಾಗಿಲ ಹಿಂದೆ ಕ್ರಿಕೆಟ್ ಬ್ಯಾಟ್ ಇತ್ತು. ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆವು. 1 ಕಿಲೋ 180 ಗ್ರಾಂ. ಯುರೋಪಿನ ಮಧ್ಯಯುಗದಲ್ಲಿ ಒಂದು ಕೈಯಲ್ಲಿ ಹಿಡಿಯುತ್ತಿದ್ದ ಕತ್ತಿಯ ತೂಕವೂ ಇಷ್ಟೇ, 1.1ರಿಂದ 1.3 ಕಿಲೋ. ಕತ್ತಿಗಳ ಅಧ್ಯಯನದಲ್ಲೇ ಬಾಳು ಕಳೆದ ಇಂಗ್ಲೆಂಡಿನ ಈವಾರ್ಟ್ ಓಕ್‌ಶಾಟ್ ನೂರಾರು ಅಸಲಿ ಕತ್ತಿಗಳನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ, ಅವು ಭಾರವಾಗಿದ್ದವು ಎಂಬ ನಂಬಿಕೆಯನ್ನು ಮತ್ತೆ ಮತ್ತೆ ತಿದ್ದಬೇಕಾಯಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಸಚಿನ್ ತೆಂಡೂಲ್ಕರ್ ಅವರ ಬ್ಯಾಟು ಮೂರು ಪೌಂಡಿನ ಮೇಲಿತ್ತು, ಅಂದರೆ ಸುಮಾರು 1.4 ಕಿಲೋ. ಅಷ್ಟಕ್ಕೇ ಅದನ್ನು ಕ್ರಿಕೆಟ್ ಲೋಕವೆಲ್ಲ ಭಾರೀ ಬ್ಯಾಟ್ ಎಂದು ಕರೆಯಿತು. ಬರುವ ಚೆಂಡಿಗೆ ಎದುರಾಗಿ ಅರೆಕ್ಷಣದಲ್ಲಿ ದಿಕ್ಕು ಬದಲಿಸಬೇಕಾದ ವಸ್ತು ಅದಕ್ಕಿಂತ ಭಾರವಾದರೆ ಕೈಗೆ ಒಗ್ಗುವುದಿಲ್ಲ. ಎದುರಿಗಿರುವುದು ಚೆಂಡಲ್ಲ, ಇನ್ನೊಬ್ಬನ ಕತ್ತಿ ಎಂದಾದರೆ ಏನು ಗತಿ?

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಬ್ಯಾಟನ್ನು ಹಿಡಿಯಿಂದ ಹಿಡಿದು ಒಮ್ಮೆ ಬೀಸುವುದು, ತಿರುಗಿಸಿ ಅಗಲದ ತುದಿಯಿಂದ ಹಿಡಿದು ಇನ್ನೊಮ್ಮೆ ಬೀಸುವುದು. ಅದೇ ಬ್ಯಾಟು, ಅದೇ ತೂಕ, ಆದರೆ ಎರಡನೆಯ ಸಲ ಅರ್ಧ ಹಗುರ ಅನ್ನಿಸುತ್ತದೆ. ತೂಕ ಕೈಗೆ ಹತ್ತಿರ ಬಂದಿರುತ್ತದೆ, ಅಷ್ಟೇ. ಒಳ್ಳೆಯ ಕತ್ತಿ ಮಾಡುವವನ ಗುಟ್ಟೆಲ್ಲ ಇರುವುದು ಇಲ್ಲಿ. ಅಲಗು ಹಿಡಿಯ ಬಳಿ ದಪ್ಪ, ತುದಿಗೆ ಹೋದಂತೆ ತೆಳು. ಹಿಡಿಯ ಕೊನೆಗೆ ಒಂದು ಲೋಹದ ಗುಬಟು. ಹೀಗೆ ಮಾಡಿದಾಗ ತೂಕದ ನಡುಬಿಂದು ಮುಷ್ಟಿಯಿಂದ ಗೇಣಿನಷ್ಟು ಮುಂದೆ, ಇಲ್ಲವೇ ಅದಕ್ಕೂ ಹತ್ತಿರ ನಿಲ್ಲುತ್ತದೆ. ಅದಕ್ಕೇ ಹತ್ತು ವರ್ಷದ ನನ್ನ ಕೈಯಲ್ಲಿ ಅಜ್ಜನ ತಲವಾರ ತಾನಾಗಿ ಎದ್ದದ್ದು.

ಹಾಗಾದರೆ ಆಟದ ಪುಸ್ತಕಕ್ಕೆ ಆ 15 ಪೌಂಡು ಎಲ್ಲಿಂದ ಬಂತು? ಹುಡುಕಿ ನೋಡಿದಾಗ 15 ಸಹ ಇಳಿದ ಅಂಕಿ ಎಂದು ಗೊತ್ತಾಯಿತು.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಈ ಆಟ ಹೊರತಂದದ್ದು 1974ರಲ್ಲಿ. 1978ರಲ್ಲಿ ಬಂದ ಅದರ ದೊಡ್ಡ ನಿಯಮ ಪುಸ್ತಕದಲ್ಲಿ ತೂಕದ ಅಳತೆ ಪೌಂಡು ಅಲ್ಲ, ಚಿನ್ನದ ನಾಣ್ಯ. ನಿಧಿ ಹುಡುಕುವ ಆಟವಲ್ಲವೇ, ಎಷ್ಟು ಚಿನ್ನ ಹೊರಬಹುದು ಎಂಬುದೇ ಮುಖ್ಯ ಪ್ರಶ್ನೆ. ಹತ್ತು ನಾಣ್ಯಕ್ಕೆ ಒಂದು ಪೌಂಡ್ ಎಂದು ಲೆಕ್ಕ. ಎರಡು ಕೈಯ ಕತ್ತಿಗೆ 250 ನಾಣ್ಯ, ಅಂದರೆ 25 ಪೌಂಡ್, 11.3 ಕಿಲೋ. ಮುಂದೆ 1989ರ ಆವೃತ್ತಿಯಲ್ಲಿ ಅದು 15 ಪೌಂಡಿಗೆ ಇಳಿಯಿತು. 2003ರಲ್ಲಿ 8ಕ್ಕೆ, 2014ರಲ್ಲಿ 6ಕ್ಕೆ. ಆರು ಪೌಂಡ್ ಎಂದರೆ 2.7 ಕಿಲೋ. ಯುರೋಪಿನ ಅಸಲಿ ಯುದ್ಧಗತ್ತಿಗಳಲ್ಲಿ ಆಳೆತ್ತರದವು ತೂಗುತ್ತಿದ್ದುದು 2ರಿಂದ 3.2 ಕಿಲೋ. ನಿಜಕ್ಕೆ ಬಂದು ಮುಟ್ಟಲು ಆಟಕ್ಕೆ ನಲವತ್ತು ವರ್ಷ ಹಿಡಿಯಿತು.

ಆ 11.3 ಕಿಲೋದ ಕತ್ತಿಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಐದು ಸೆಂಟಿಮೀಟರ್ ಅಗಲದ, ನಾಲ್ಕಡಿ ಮೀರಿದ ಅಲಗಿನಲ್ಲಿ ಅಷ್ಟು ಉಕ್ಕು ತುಂಬಬೇಕೆಂದರೆ ಅದರ ದಪ್ಪ ಸುಮಾರು ಎರಡು ಸೆಂಟಿಮೀಟರ್ ಆಗಬೇಕು. ಅದಕ್ಕೆ ನಮ್ಮ ಕಡೆ ಹಾರೆ ಅನ್ನುತ್ತಾರೆ. ಕಲ್ಲು ಮೀಟಲು ಬರುತ್ತದೆ, ಬಡಿದಾಡಲು ಬರುವುದಿಲ್ಲ.

ಗೈಗ್ಯಾಕ್ಸ್ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಅಂಕಿ ಬರೀ ತೂಕದ್ದಲ್ಲ, ಹೊರಲು ಎಷ್ಟು ತೊಡಕು ಎಂಬುದನ್ನೂ ಸೇರಿಸಿದ್ದು ಎಂದು ಅವರೇ ಮರುವರ್ಷದ ಪುಸ್ತಕದಲ್ಲಿ ವಿವರಿಸಿದ್ದರು. ಆಳೆತ್ತರದ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಲಾಗದು, ಗುಹೆಯ ಇಕ್ಕಟ್ಟಿನಲ್ಲಿ ತಿರುಗಿಸಲಾಗದು, ಆ ಮಟ್ಟಿಗೆ ಅದು ಭಾರವೇ. ಆದರೆ ಓದಿದವರಿಗೆ ವಿವರಣೆ ಮರೆತುಹೋಯಿತು, ಅಂಕಿ ನೆನಪಿನಲ್ಲಿ ಉಳಿಯಿತು. ಹಳೆಯ ಕತ್ತಿ ಎಂದರೆ ಹತ್ತು ಕಿಲೋ ಎಂಬ ನಂಬಿಕೆ ಎರಡು ಮೂರು ತಲೆಮಾರಿನ ಆಟಗಾರರ ತಲೆಯಲ್ಲಿ ಕೂತುಬಿಟ್ಟಿತು.

ಈ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕತ್ತಿಯಲ್ಲ, ನಾಣ್ಯ. ಹತ್ತಕ್ಕೆ ಒಂದು ಪೌಂಡ್ ಎಂದರೆ ಒಂದು ನಾಣ್ಯ 45 ಗ್ರಾಂ. ವಿಜಯನಗರದ ವರಹ ತೂಗುತ್ತಿದ್ದುದು ಸುಮಾರು 3.4 ಗ್ರಾಂ. ಮೊಘಲರ ಮೊಹರು 11 ಗ್ರಾಂ ಹತ್ತಿರ. ಹಂಪಿಯ ಬಜಾರಿನಲ್ಲಿ ಕೂತ ಚಿನಿವಾರನ ಕೈಗೆ 45 ಗ್ರಾಮಿನ ನಾಣ್ಯ ಕೊಟ್ಟಿದ್ದರೆ ಅದನ್ನು ಹದಿಮೂರು ವರಹವೆಂದು ಎಣಿಸುತ್ತಿದ್ದ. ಕತ್ತಿ ತೂಗಿದ ತಕ್ಕಡಿಯ ಬೊಟ್ಟೇ ಹೀಗಿತ್ತು. ತೊಲ, ಗುಂಜಿ, ವರಹ ಎಂದು ಕೂದಲೆಳೆಯ ತೂಕಕ್ಕೂ ಹೆಸರಿಟ್ಟ ನಾಡಿನಿಂದ ಬಂದ ನನಗೆ ಇದು ಕತ್ತಿಗಿಂತ ದೊಡ್ಡ ತಪ್ಪಾಗಿ ಕಂಡಿತು. ಮುಂದೆ ಬಂದ ಕಂಪ್ಯೂಟರ್ ಆಟಗಳು ಇನ್ನೊಂದು ತುದಿಗೆ ಹೋದವು. 2011ರ ಸ್ಕೈರಿಮ್‌ನಲ್ಲಿ ಕಬ್ಬಿಣದ ದೊಡ್ಡ ಕತ್ತಿಗೆ 16 ತೂಕ, ಯುದ್ಧದ ಸುತ್ತಿಗೆಗೆ 24, ಚಿನ್ನಕ್ಕೆ ಮಾತ್ರ ತೂಕವೇ ಇಲ್ಲ.

ಸುತ್ತಿಗೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಆಟದ ಚಿತ್ರಗಳಲ್ಲಿ ಯುದ್ಧದ ಸುತ್ತಿಗೆ ಯಾವಾಗಲೂ ಕಲ್ಲುಗಣಿಯ ಸಮ್ಮಟಿಗೆಯಂತೆ ಇರುತ್ತದೆ. ಸಮ್ಮಟಿಗೆಯ ಏಟು ತಿನ್ನುವ ಕಲ್ಲು ಕದಲದೆ ಕೂತಿರುತ್ತದೆ, ಮನುಷ್ಯ ಕೂರುವುದಿಲ್ಲ. ಅಸಲಿ ಯುದ್ಧದ ಸುತ್ತಿಗೆಯ ತಲೆ ಬಡಗಿಯ ಸುತ್ತಿಗೆಗಿಂತ ಬಹಳ ದೊಡ್ಡದಲ್ಲ. ಕೊಡಲಿಯದೂ ಇದೇ ಕಥೆ. ಕಟ್ಟಿಗೆ ಸೀಳಬೇಕಾದ ಕೊಡಲಿಗೆ ಬೆಣೆಯ ದಪ್ಪ ಬೇಕು. ಯುದ್ಧದ ಕೊಡಲಿಗೆ ಬೇಡ, ಅದು ತೆಳು, ಅದಕ್ಕೇ ಹಗುರ.

ಭಾರದ ಭ್ರಮೆ ಆಟದವರದಷ್ಟೇ ಎಂದರೆ ಅನ್ಯಾಯವಾದೀತು. ರಾಣಾ ಪ್ರತಾಪರ ಭರ್ಜಿ 80 ಕಿಲೋ, ಕವಚ 72 ಕಿಲೋ ಎಂಬ ಮಾತನ್ನು ಮೊಬೈಲಿನಲ್ಲಿ ಓದದವರು ಯಾರಿದ್ದಾರೆ? ಎಂಟಡಿ ಉದ್ದದ ಉಕ್ಕಿನ ಸಲಾಕೆ 80 ಕಿಲೋ ತೂಗಬೇಕಾದರೆ ಅದರ ದಪ್ಪ ಏಳು ಸೆಂಟಿಮೀಟರ್ ಇರಬೇಕು. ಅದು ಯಾರ ಮುಷ್ಟಿಗೂ ಸಿಗುವುದಿಲ್ಲ. 1576ರಲ್ಲಿ ಹಳದೀಘಾಟಿಯಲ್ಲಿ ನಿಂತವನ ಧೈರ್ಯಕ್ಕೆ ಈ ಕಿಲೋಗಳ ಆಸರೆ ಬೇಕಿಲ್ಲ. ಇದೇ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಬಹುಪಾಲು ಚಿತ್ರೀಕರಣವಾದ 'ಬಾಹುಬಲಿ'ಯಲ್ಲಿ ನಾಯಕ ಶಿವಲಿಂಗವನ್ನೇ ಹೆಗಲಿಗೇರಿಸಿ ನಡೆಯುತ್ತಾನೆ. ಅದನ್ನು ನಾನೂ ಮೈಮರೆತು ನೋಡಿದ್ದೇನೆ. ರನ್ನನ 'ಗದಾಯುದ್ಧ'ದ ಭೀಮನ ಗದೆಗೆ ಯಾರೂ ತಕ್ಕಡಿ ಹಿಡಿಯಬಾರದು. ಕಾವ್ಯದಲ್ಲಿ ಗದೆಯ ಭಾರ ಸಿಟ್ಟಿನ ಭಾರ. ಆದರೆ ಕಾಲಂ ಎಳೆದು, ಮೇಲೆ ತೂಕ ಎಂದು ಬರೆದು, ಕೆಳಗೆ ಅಂಕಿ ಹಾಕಿದವರು ಕಾವ್ಯದ ಆಸರೆ ಪಡೆಯುವಂತಿಲ್ಲ. ಅಂಕಿ ಹಾಕಿದ ಮೇಲೆ ಅದು ತಕ್ಕಡಿಗೆ ಬಂದು ನಿಲ್ಲಬೇಕು.

ಭಾರೀ ಕತ್ತಿಗಳು ಇರಲೇ ಇಲ್ಲವೆಂದಲ್ಲ. ನೆದರ್ಲೆಂಡ್ಸಿನ ಲೀವಾರ್ಡನ್‌ನ ವಸ್ತುಸಂಗ್ರಹಾಲಯದಲ್ಲಿ ಪಿಯೆರ್ ಗೆರ್ಲೊಫ್ಸ್ ಡೋನಿಯಾ ಎಂಬ ವೀರನದೆಂದು ತೋರಿಸುವ ಕತ್ತಿ ಏಳಡಿ ಉದ್ದ, 6.6 ಕಿಲೋ. ಇಂಥವು ಮೆರವಣಿಗೆಯ ಕತ್ತಿಗಳು, ಎತ್ತಿ ಹಿಡಿದು ನಡೆಯಲು ಮಾಡಿದವು. ಜಂಬೂಸವಾರಿಯ ಅಂಬಾರಿ ನೋಡಿ ಮೈಸೂರಿನವರು ದಿನವೂ ಅದರಲ್ಲೇ ಓಡಾಡುತ್ತಿದ್ದರೆಂದು ತಿಳಿದರೆ ಹೇಗೋ, ಇವನ್ನು ನೋಡಿ ಯುದ್ಧವನ್ನು ಊಹಿಸುವುದೂ ಹಾಗೆಯೇ.

ನಮ್ಮಲ್ಲಿ ಭಾರಕ್ಕೆ ಬೇರೆಯೇ ಜಾಗವಿತ್ತು, ಗರಡಿಮನೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಮುಂದೆ ಸಂಗ್ರಾಣಿ ಕಲ್ಲು ಬಿದ್ದಿರುತ್ತದೆ. ಜಾತ್ರೆಯಲ್ಲಿ ಅದನ್ನೆತ್ತಿದವನಿಗೆ ಬೆಳ್ಳಿ ಕಡಗ. ಜೋಳದ ಚೀಲ ಹಲ್ಲಿನಿಂದ ಎತ್ತುವವರಿದ್ದಾರೆ. ಗರಡಿಯಲ್ಲಿ ತಿರುಗಿಸುವ ಗದೆ, ಮುದ್ಗರಗಳ ಮುಂದೆ ತಲವಾರ ಎಷ್ಟರದು? ಆದರೆ ಆ ಕಲ್ಲನ್ನು ಯಾರೂ ಯುದ್ಧಕ್ಕೆ ಒಯ್ಯಲಿಲ್ಲ. ಭಾರದ್ದನ್ನು ತಾಲೀಮಿನಲ್ಲಿ ಎತ್ತಿದ ತೋಳಿಗೆ ಯುದ್ಧದಲ್ಲಿ ಹಗುರದ್ದನ್ನು ಕೊಟ್ಟರು, ಹೊತ್ತು ಮುಳುಗುವವರೆಗೂ ದಣಿಯದಿರಲಿ ಎಂದು. ವೀರಗಲ್ಲುಗಳಲ್ಲಿ ಕತ್ತಿ ಹಿಡಿದ ವೀರರನ್ನು ನೋಡಿ: ಸಾಮಾನ್ಯವಾಗಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಎರಡು ಕೈ ಹಚ್ಚಿ ಏದುಸಿರು ಬಿಡುತ್ತ ಕತ್ತಿ ಎತ್ತುವವನು ನಮ್ಮ ಶಿಲ್ಪಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಭಾರ ಉಪಯೋಗಕ್ಕೆ ಬರುವಲ್ಲಿ ದಖ್ಖನಿನವರು ಭಾರಕ್ಕೆ ಹಿಂಜರಿದವರಲ್ಲ. ವಿಜಯಪುರದ ಮಲಿಕ್-ಎ-ಮೈದಾನ್ ತೋಪು 1549ರಲ್ಲಿ ಎರಕವಾದದ್ದು, ತೂಕ 55 ಟನ್. ಅದನ್ನು ಬುರುಜಿನ ಮೇಲೆ ಕೂರಿಸಿದರು, ಯಾರೂ ಹೊರಬೇಕಿರಲಿಲ್ಲ.

ಜಗಳವಾದ ಎರಡು ವಾರಕ್ಕೆ ಎಲ್ಲರೂ ಲೋಕಲ್ ರೈಲು ಹಿಡಿದು ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದೆವು. ನಿಜಾಮರ ದಿವಾನರಾಗಿದ್ದ ಮೀರ್ ಯೂಸುಫ್ ಅಲಿ ಖಾನ್ ಕೂಡಿಹಾಕಿದ ವಸ್ತುಗಳು 1951ರಿಂದ ಜನರಿಗೆ ತೆರೆದಿವೆ. ಹೆಚ್ಚಿನವರು ಗಂಟೆ ಬಾರಿಸುವ ಗಡಿಯಾರದ ಮುಂದೆ ನಿಲ್ಲುತ್ತಾರೆ. ನಾವು ಆಯುಧಗಳ ಕೋಣೆಯಲ್ಲಿ ಹೊತ್ತು ಕಳೆದೆವು. ಗಾಜಿನ ಹಿಂದಿನ ಕತ್ತಿಯ ತೂಕ ಕಣ್ಣಿಗೆ ಸಿಗುವುದಿಲ್ಲ, ಆದರೆ ಹಿಡಿ ಸಿಗುತ್ತದೆ. ತಲವಾರದ ಹಿಡಿ ಎಷ್ಟು ಚಿಕ್ಕದೆಂದು ನೋಡಿ. ಮೇಲೆ ಅಡ್ಡಪಟ್ಟಿ, ಕೆಳಗೆ ತಟ್ಟೆಯಂಥ ಬಿಲ್ಲೆ, ನಡುವೆ ನಾಲ್ಕು ಬೆರಳು ಬಿಗಿಯಾಗಿ ಕೂರುವಷ್ಟೇ ಜಾಗ. ಇನ್ನೊಂದು ಕೈ ಹಚ್ಚಲು ಎಡೆಯೇ ಇಲ್ಲ. ಬೀದರಿನ ಹುಡುಗ ಅಲ್ಲಿ ಬಹಳ ಹೊತ್ತು ನಿಂತಿದ್ದ. ಹೊರಗೆ ಬಂದ ಮೇಲೆ "ನಮ್ಮ ಕೈಗಿಂತ ಅವರ ಕೈ ದೊಡ್ಡವು ಇರಲಿಲ್ಲಲ್ಲ ಮಾಮಾ" ಎಂದ.

ವಾಪಸು ಬರುವಾಗ ಅವರಿಗೆ ಉಕ್ಕಿನ ಕಥೆ ಹೇಳಿದೆ. ನನ್ನ ಪಾಲಿಗೆ ಈ ವಿಷಯದ ಹೃದಯ ಅಲ್ಲಿದೆ. ತೆಲಂಗಾಣದ ನಿಜಾಮಾಬಾದ್ ಸೀಮೆಯಲ್ಲಿ ಕೋನಸಮುದ್ರಂ ಎಂಬ ಊರಿದೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣವಿಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ತಿದಿ ಒತ್ತಿ ಅಲ್ಲಿ ಉಕ್ಕು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅದನ್ನು ನೋಡಿ ಬರೆದ ಹೆನ್ರಿ ವೋಯ್ಸಿಗೆ ಅಲ್ಲಿ ಪರ್ಷಿಯಾದ ಇಸ್ಪಹಾನಿನಿಂದ ಬಂದಿದ್ದ ವರ್ತಕನೊಬ್ಬ ಸಿಕ್ಕಿದ್ದ. ಬಂದದ್ದು ಉಕ್ಕು ಕೊಳ್ಳಲು. ನೀರಲೆಯಂಥ ಗೆರೆಯ ಅಲಗಿಗಾಗಿ ಪರ್ಷಿಯಾದವರು ಗೋಲ್ಕೊಂಡದ ಉಕ್ಕನ್ನು ಅರಸಿ ಬರುತ್ತಿದ್ದರು. ಇತ್ತ ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವುದನ್ನು ಫ್ರಾನ್ಸಿಸ್ ಬುಕಾನನ್ 1800ರ ಪ್ರವಾಸದಲ್ಲಿ ಕಂಡು ಬರೆದಿಟ್ಟ. ಅದಕ್ಕೂ ಮೊದಲೇ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಮೇಲೆ ಪ್ರಬಂಧ ಮಂಡಿಸಿದ್ದ. ಅವರ ಬಾಯಲ್ಲಿ ಅದರ ಹೆಸರು ವೂಟ್ಸ್. ನಮ್ಮ 'ಉಕ್ಕು' ಎಂಬ ಮಾತೇ ಹಡಗು ಹತ್ತಿ ಹೋಗಿ ಹಾಗಾದದ್ದು ಎಂಬುದು ಬಲ್ಲವರ ಅಭಿಪ್ರಾಯ.

ಮೂಸೆಯಿಂದ ಹೊರಬರುತ್ತಿದ್ದುದು ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಬಿಲ್ಲೆ. ಅಷ್ಟು ಕಷ್ಟದಿಂದ ದಕ್ಕಿದ ಉಕ್ಕನ್ನು ಕಮ್ಮಾರ ಗ್ರಾಂ ಲೆಕ್ಕದಲ್ಲಿ ಬಳಸುತ್ತಾನೆ. ಮೂಸೆ ಚಿಕ್ಕದು, ಉಕ್ಕಿಗೆ ಬೆಲೆ ಹೆಚ್ಚು, ತೋಳಿಗೆ ಮಿತಿಯಿದೆ. ಈ ಮೂರೂ ಸೇರಿ ಕತ್ತಿಯನ್ನು ಸೇರು ತೂಕಕ್ಕೆ ತಂದು ನಿಲ್ಲಿಸಿದವು. ತೋಳೇರಿಸುವಂತೆ ತೂಕ ಏರಿಸುತ್ತ ಹೋಗುವವರು ಈ ಕೈಗಳ ಜಾಣತನವನ್ನು ಅಳಿಸಿಹಾಕುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೆ. ಹನ್ನೊಂದು ಕಿಲೋದ ಕತ್ತಿಗೆ ಬೇಕಾಗುವುದು ರಾಕ್ಷಸ ತೋಳು ಮಾತ್ರ, ಅದರಲ್ಲಿ ಕಮ್ಮಾರನಿಗೆ ಜಾಗವೇ ಇಲ್ಲ.

ಕವಚದ ವಿಷಯದಲ್ಲಿ ಈಗಿನ ಪುಸ್ತಕ ನಿಜಕ್ಕೆ ಹೆಚ್ಚು ದೂರವಿಲ್ಲ. ಯುರೋಪಿನ ಯುದ್ಧದ ಪೂರ್ತಿ ಉಕ್ಕಿನ ಕವಚ 20–25 ಕಿಲೋ. ಆಟ 65 ಪೌಂಡ್ ಅನ್ನುತ್ತದೆ, 29.5 ಕಿಲೋ. ಅದು ತುಂಬಿದ ಅಡುಗೆ ಗ್ಯಾಸ್ ಸಿಲಿಂಡರಿನ ತೂಕ. ಸಿಲಿಂಡರು ಒಂದೇ ಹೆಗಲ ಮೇಲೆ ಕೂರುತ್ತದೆ, ಕವಚ ಮೈಯೆಲ್ಲ ಹಂಚಿಕೊಂಡು ಕೂರುತ್ತದೆ. ಅದನ್ನು ತೊಟ್ಟವರು ಓಡುತ್ತಿದ್ದರು, ಕುದುರೆ ಏರುತ್ತಿದ್ದರು.

ಇನ್ನೂ ತಿದ್ದದೆ ಉಳಿದ ಅಂಕಿ ಬೇರೆ ಇದೆ. ಸಾಧಾರಣ ಬಲದ ಪಾತ್ರ 150 ಪೌಂಡ್ ಹೊತ್ತು ನಡೆಯಬಹುದು, ಯಾವ ಅಡ್ಡಿಯೂ ಇಲ್ಲ ಎನ್ನುತ್ತದೆ 2014ರ ಪುಸ್ತಕ. 68 ಕಿಲೋ! ಸಿಮೆಂಟ್ ಚೀಲ 50 ಕಿಲೋ. ಅದನ್ನು ಲಾರಿಯಿಂದ ಗೋದಾಮಿಗೆ ಹೊರುವ ಹಮಾಲರ ಕುತ್ತಿಗೆ, ಮೊಳಕಾಲು ನೋಡಿದವರು ಈ ಸಾಲನ್ನು ಬರೆಯುತ್ತಿರಲಿಲ್ಲ. ಕತ್ತಿಯ ತೂಕಕ್ಕೆ ವಾದಿಸಿದವರು ಸಾವಿರಾರು ಜನ, ಹೊರೆಯ ತೂಕಕ್ಕೆ ಅಷ್ಟು ಜನ ವಾದಿಸಲಿಲ್ಲ.

ಈಗ ತಂಗಿಯ ಮಗನೇ ಕಥೆ ನಡೆಸುತ್ತಿದ್ದಾನೆ. ಕಥೆಯ ನಾಡು ದಖ್ಖನದಂತಿದೆ, ಕರಿಮಣ್ಣು, ಬುರುಜು, ಜೋಳದ ಹೊಲ. ಕತ್ತಿಗಳೆಲ್ಲ ಸೇರಿನ ಲೆಕ್ಕಕ್ಕೆ ಬಂದಿವೆ, ಚಿನ್ನ ವರಹದ ಲೆಕ್ಕಕ್ಕೆ. ಹೋದ ಭಾನುವಾರ ಪಾತ್ರಗಳು ಒಂದು ಹಳ್ಳಿ ಹೊಕ್ಕವು. ಗುಡಿಯ ಮುಂದೆ ಸಂಗ್ರಾಣಿ ಕಲ್ಲು. ರಾಯಚೂರಿನವಳ ಪಾತ್ರ ಸೊಂಟದ ತಲವಾರ ಬಿಚ್ಚಿ ಪಕ್ಕದವನ ಕೈಗೆ ಕೊಟ್ಟು, ಅಂಗೈಗೆ ಮಣ್ಣು ಸವರಿಕೊಂಡು ಕಲ್ಲಿಗೆ ಕೈ ಹಾಕಿತು. ದಾಳ ಉರುಳಿ ನಾಲ್ಕು ಬಿತ್ತು. ಕಲ್ಲು ಅಲ್ಲಾಡಲಿಲ್ಲ. ಮುಂದಿನ ವಾರ ಮತ್ತೆ ಎತ್ತಿ ನೋಡುತ್ತಾಳಂತೆ.